ಬೆರಳುದ್ದದ ಮೀನಿಗೊಂದು ಗಾಳ

ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗನ ಕೈಯಲ್ಲಿ ಈ ಸಲ ಕ್ರಿಕೆಟ್ ಬ್ಯಾಟ್ ಇರಲಿಲ್ಲ. ಅವನಿಗಿಂತ ಉದ್ದವಾದ ಒಂದು ಚೀಲವಿತ್ತು. ಬಿಚ್ಚಿದರೆ ಒಳಗೆ ರಾಟೆಯಂಥ ರೀಲು, ಹೊಳೆಯುವ ಕೋಲು, ಬಣ್ಣದ ರಬ್ಬರ್ ಕಪ್ಪೆಗಳು! "ಅಜ್ಜಿ, ಈ ಸಲ ನಮ್ಮ ಕೆರೇಲಿ ಹತ್ತು ಕೆ.ಜಿ. ಕಾಟ್ಲಾ ಹಿಡೀತೀನಿ" ಅಂದ. ಆರನೇ ಕ್ಲಾಸಿನ ಹುಡುಗ. ನಾನು ನಗು ತಡೆದುಕೊಂಡು ಉಪ್ಪಿಟ್ಟು ಬಡಿಸಿದೆ.

ನಮ್ಮೂರು ತುರುವೇಕೆರೆ ತಾಲ್ಲೂಕಿನ ಸಂಪಿಗೆ. ಎತ್ತ ನೋಡಿದರೂ ತೆಂಗಿನ ತೋಟ. ತಿಪಟೂರಿನಲ್ಲಿ ಕೊಬ್ಬರಿಗೆ ಎಷ್ಟು ರೇಟು ಅನ್ನುವುದೇ ಇಲ್ಲಿಯ ಬೆಳಗಿನ ಸಮಾಚಾರ. ತೋಟ ದಾಟಿದರೆ ಕೆರೆ ಏರಿ. ಮೊಮ್ಮಗ ಮೂರು ದಿನ ಆ ಏರಿಯ ಮೇಲೆ ನಿಂತು ರೀಲು ತಿರುಗಿಸಿದ. ಅವನಿಗೆ ಸಿಕ್ಕಿದ್ದು ಒಂದು ಹಳೇ ಚಪ್ಪಲಿ ಮತ್ತು ಕೈತುಂಬ ಜೊಂಡು. ನಾಲ್ಕನೇ ದಿನ ಕೋಲನ್ನು ಜಗಲಿಗೆ ಒರಗಿಸಿ ಮೊಬೈಲ್ ಹಿಡಿದು ಕೂತುಬಿಟ್ಟ. "ನಿಮ್ಮ ಕೆರೇಲಿ ಮೀನೇ ಇಲ್ಲ ಅಜ್ಜಿ!"

ಆ ಮಾತು ನನಗೆ ಚುಚ್ಚಿತು. ಯಾಕೆಂದರೆ ನಾನೂ ಎಷ್ಟೋ ವರ್ಷಗಳಿಂದ ಅದನ್ನೇ ಹೇಳಿಕೊಂಡು ಬಂದಿದ್ದೆ.

ನನಗೀಗ 70. ಹತ್ತು ವರ್ಷದವಳಿದ್ದಾಗ ನನ್ನ ತಮ್ಮನ ಜೊತೆ ಕೆರೆ ಕೋಡಿಗೆ ಗಾಳ ಹಾಕಲು ಹೋಗುತ್ತಿದ್ದೆ. "ಹೆಣ್ಣುಮಗೂಗೆ ಗಾಳ ಯಾಕೆ?" ಎಂದು ಅವ್ವ ಗದರುತ್ತಿದ್ದಳು. ರಾತ್ರಿ ಉಳಿದ ರಾಗಿಮುದ್ದೆಯ ತುಣುಕನ್ನು ಲಂಗದ ಚುಂಗಿಗೆ ಕಟ್ಟಿಕೊಂಡು ಓಡುತ್ತಿದ್ದೆ. ನಮಗೆ ಸಿಗುತ್ತಿದ್ದುದು ಬೆರಳುದ್ದದ ಪಕ್ಕೆ ಮೀನು. ಬೆಳ್ಳಿ ಕಾಸಿನಂಥ ಮೈ, ಬಾಲದ ಬುಡದಲ್ಲಿ ಕಾಡಿಗೆ ಬೊಟ್ಟಿಟ್ಟಂತೆ ಒಂದು ಕಪ್ಪು ಚುಕ್ಕೆ. ಸಂತೆಯಲ್ಲಿ ಅದಕ್ಕೆ ಬೆಲೆ ಇಲ್ಲ. ದೊಡ್ಡವರು ಅದನ್ನು ಮೀನು ಅಂತಲೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮಕ್ಕಳಾದ ನಮಗೆ ಅದೇ ತಿಮಿಂಗಿಲ!

ಆಮೇಲೆ ಒಮ್ಮೆ ಬರ ಬಿದ್ದು ಕೆರೆ ಪೂರಾ ಒಣಗಿ, ತಳ ಬಿರುಕು ಬಿಟ್ಟಿತು. ಮತ್ತೆ ನೀರು ಬಂದಾಗ ಕಾಟ್ಲಾ, ರೋಹು ಮರಿ ಬಿಟ್ಟರು. ಎಲ್ಲಿಂದಲೋ ಜಿಲೇಬಿ ಮೀನೂ ಬಂದು ಸೇರಿತು. ಪಕ್ಕೆ ಹೋಯಿತು ಎಂದು ಎಲ್ಲರೂ ಅಂದರು. ನಾನೂ ಅಂದೆ.

"ಹೋಯ್ತು ಅಂತ ನಿನಗೆ ಹೇಗೆ ಗೊತ್ತು? ನೋಡಿದ್ಯಾ?" ಅಂತ ಮೊಮ್ಮಗ ಕೇಳಿದ. ಉತ್ತರವಿರಲಿಲ್ಲ. ಗಾಳ ಕೆಳಗಿಟ್ಟು ಐವತ್ತು ವರ್ಷವಾಗಿತ್ತು. ನಾನು ನೋಡಿಯೇ ಇರಲಿಲ್ಲ.

"ಬಾ, ನೋಡೋಣ" ಅಂದೆ. ಭಾನುವಾರ ಅವನು ಹೊರಡುವವನಿದ್ದ. ನಮಗಿದ್ದದ್ದು ಎರಡೇ ದಿನ.

ಸಣ್ಣ ಮೀನಿಗೆ ಸಣ್ಣ ಸಾಮಾನು. ಏಳಡಿಯ ತೆಳು ಬಿದಿರುಕಡ್ಡಿ, ಅಷ್ಟೇ ಉದ್ದದ, ಕೂದಲಿನಷ್ಟು ಸಣ್ಣ ನೈಲಾನ್ ಎಳೆ. ಜೋಳದ ದಂಟಿನ ತಿರುಳಿನಿಂದ ಕಡಲೆಕಾಯಿ ಗಾತ್ರದ ಬೆಂಡು. ಅಂಗಡಿಯಲ್ಲಿ ಸಿಗುವ ಗಾಳಗಳಲ್ಲೇ ಚಿಕ್ಕದು. ಮಕ್ಕಳೇ, ಇಲ್ಲೊಂದು ತಮಾಷೆ ಇದೆ: ಈ ಸಣ್ಣ ಗಾಳಗಳಲ್ಲಿ ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು. 8ನೇ ನಂಬರಿಗಿಂತ 18ನೇ ನಂಬರು ಬಹಳ ಪುಟ್ಟದು. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿದೆವು. ಹಾಗೆ ಮಾಡಿದರೆ ಮೀನಿಗೆ ಗಾಯ ಕಡಿಮೆ, ಬಿಡಿಸುವುದೂ ಸುಲಭ. ಎರೆಹುಳು ಹುಡುಕಲು ದೂರ ಹೋಗಬೇಕಿರಲಿಲ್ಲ. ತೋಟದಲ್ಲಿ ಕೊಳೆಯುತ್ತಿದ್ದ ತೆಂಗಿನ ಮಟ್ಟೆ ಎತ್ತಿದರೆ ಸಾಕು, ತಣ್ಣನೆ ಮಣ್ಣಿನಲ್ಲಿ ಬೇಕಾದಷ್ಟು.

ಗಾಳ ಕಟ್ಟುತ್ತಾ ಅವನಿಗೆ ಕತೆ ಹೇಳಿದೆ. ಗಾಳದ ಆಟ ನಮ್ಮ ನಾಡಿಗೆ ಹೊಸತೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ಅಂದರೆ ಈಗಿನ ಬಸವಕಲ್ಯಾಣದಿಂದ ಆಳುತ್ತಿದ್ದವನು, 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಬರೆದ. ರಾಜರ ವಿನೋದಗಳ ಸಾಲಿನಲ್ಲಿ ಮೀನು ಹಿಡಿಯುವುದಕ್ಕೂ ಅದರಲ್ಲಿ ಜಾಗವಿದೆ. ಯಾವ ಮೀನು ಎಂಥದ್ದು, ಯಾವುದಕ್ಕೆ ಯಾವ ತಿನಿಸು ಎಂದೆಲ್ಲ ವಿವರಿಸಿದ್ದಾನೆ. ನಮ್ಮ ಕಾಲದಲ್ಲಿ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಗಾಳ ಹಿಡಿದು ಗಂಟೆಗಟ್ಟಲೆ ನೀರಿನ ದಡದಲ್ಲಿ ಕೂರುತ್ತಿದ್ದುದನ್ನು ಓದುಗರೆಲ್ಲ ಬಲ್ಲರು.

ಇನ್ನು ಪಕ್ಕೆಗೆ ವಿಜ್ಞಾನಿಗಳು ಇಟ್ಟ ಹೆಸರಿನ ಕತೆ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮೈಸೂರು ಸೀಮೆ ಸುತ್ತಲು ಬಂದ. ನಮ್ಮ ಪಕ್ಕದ ಚಿಕ್ಕನಾಯಕನಹಳ್ಳಿಗೂ ಬಂದಿದ್ದ. ಬೆಳೆ, ಸಂತೆ, ನೇಯ್ಗೆ, ತೆಂಗು ಎಲ್ಲವನ್ನೂ ಬರೆದುಕೊಂಡ. ಮುಂದೆ ಅವನೇ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಪುಸ್ತಕ ತಂದ. ಪಕ್ಕೆಯ ಕುಲಕ್ಕೆ 'ಪುಂಟಿಯಸ್' ಎಂಬ ಹೆಸರು ಬಂದದ್ದು ಅದರಿಂದಲೇ. ಬಂಗಾಳಿಗಳು ಈ ಮೀನಿಗೆ 'ಪುಂಟಿ' ಅನ್ನುತ್ತಾರೆ. ದೊಡ್ಡವರು ಲೆಕ್ಕಕ್ಕೆ ಹಿಡಿಯದ ಮೀನನ್ನು ಅವನು ಚುಕ್ಕೆ ಎಣಿಸಿ, ಅಳೆದು ಬರೆದಿದ್ದ!

"ಹಾಗಾದ್ರೆ ಸಣ್ಣ ಮೀನು ಹಿಡಿಯೋದು ಸೋಲಲ್ಲ" ಅಂದ ಮೊಮ್ಮಗ, ಅರ್ಧ ನಂಬಿ. ಜಪಾನಿನ ಸುದ್ದಿ ಹೇಳಿದೆ. ಅಲ್ಲಿ ತನಾಗೊ ಎಂಬ ಪುಟ್ಟ ಮೀನಿದೆ. ಅದು ಮೊಟ್ಟೆ ಇಡುವುದು ಜೀವಂತ ಕಪ್ಪೆಚಿಪ್ಪಿನ ಒಳಗೆ. ಗೇಣುದ್ದವೂ ಇಲ್ಲದ ಆ ಮೀನು ಹಿಡಿಯುವುದೇ ಅಲ್ಲಿ ಹಳೆಯ ಕಾಲದಿಂದ ಬಂದ ಒಂದು ಕಲೆ. ಎಷ್ಟು ಚಿಕ್ಕ ಮೀನು ಸಿಕ್ಕಿತು ಎಂಬುದರಲ್ಲೇ ಹೆಮ್ಮೆ. ಮೊಮ್ಮಗನ ಕಣ್ಣು ಅರಳಿತು.

ಶುಕ್ರವಾರ ಸಂಜೆ ಕೆರೆ ಮೀನು ಗುತ್ತಿಗೆ ಹಿಡಿದವರನ್ನು ಕೇಳಿಯೇ ಗಾಳ ಹಾಕಿದೆವು. "ಪಕ್ಕೇನಾ? ಹಿಡ್ಕೊಳ್ಳಿ ಅಜ್ಜಿ, ನಮಗದು ಲೆಕ್ಕಕ್ಕಿಲ್ಲ" ಎಂದು ನಕ್ಕರು. ಬೆಂಡು ಮುಳುಗಿತು. ಎತ್ತಿದರೆ ಜಿಲೇಬಿ. ಮತ್ತೆ ಮುಳುಗಿತು, ಮತ್ತೆ ಜಿಲೇಬಿ. ಕತ್ತಲಾಗುವ ಹೊತ್ತಿಗೆ ಹದಿನಾಲ್ಕು ಜಿಲೇಬಿ, ಒಂದೂ ಪಕ್ಕೆ ಇಲ್ಲ.

ಜಿಲೇಬಿ ಅಂದರೆ ತಿಲಾಪಿಯ, ಆಫ್ರಿಕಾದ ಮೀನು. 1952ರಲ್ಲಿ ನಮ್ಮ ದೇಶಕ್ಕೆ ತಂದರು. ತಾಯಿಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಹಾಗಾಗಿ ಮರಿಗಳು ಹೆಚ್ಚು ಬದುಕುತ್ತವೆ, ಕೆರೆ ಬೇಗ ತುಂಬಿಬಿಡುತ್ತದೆ. ಪಾಪ, ಅದರ ತಪ್ಪೇನಿಲ್ಲ. ಆದರೆ ಮನೆಗೆ ಬಂದ ನೆಂಟರು ಅಡುಗೆಮನೆಯನ್ನೂ ಆಕ್ರಮಿಸಿದರೆ ಮನೆಯವರು ಎಲ್ಲಿಗೆ ಹೋಗಬೇಕು?

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಬಾಲ್ಯದ ಮೀನು ನಿಜಕ್ಕೂ ಹೋಗಿತ್ತೇ? ಆಮೇಲೆ ನೆನಪಾಯಿತು. ಪಕ್ಕೆ ಹಿಡಿಯಲು ನಾವು ಏರಿ ಮೇಲೆ ಕೂರುತ್ತಲೇ ಇರಲಿಲ್ಲ! ನಮ್ಮ ಸೀಮೆಯ ಕೆರೆಗಳು ಸರಪಣಿ ಇದ್ದಂತೆ. ಮೇಲಿನ ಕೆರೆಯ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ ಬರುತ್ತದೆ. ಈಗ ಹೇಮಾವತಿ ನಾಲೆಯ ನೀರೂ ನಮ್ಮ ಸೀಮೆಯ ಕೆರೆಗಳಿಗೆ ಹರಿಯುತ್ತದೆ. ಹರಿವ ನೀರಿಗೆ ಎದುರಾಗಿ ಈಜುವುದು ಸಣ್ಣ ಮೀನಿನ ಗುಣ. ಮಳೆಗಾಲದಲ್ಲಿ ಗದ್ದೆ ಬದುವಿನಲ್ಲೂ ಮೀನು ಕಾಣಿಸುತ್ತಿತ್ತು. ಮಳೆಯ ಜೊತೆ ಆಕಾಶದಿಂದ ಬಿತ್ತು ಎಂದೇ ನಾವು ನಂಬಿದ್ದೆವು. ಅದು ಬಂದದ್ದು ಆಕಾಶದಿಂದಲ್ಲ, ಕಾಲುವೆಯಿಂದ.

ಶನಿವಾರ ಕೆರೆಗೆ ನೀರು ಬರುವ ಹಳ್ಳದ ಬಾಯಿಗೆ ಹೋದೆವು. ಮೊಣಕಾಲುದ್ದ ತಿಳಿನೀರು, ಪಕ್ಕದಲ್ಲಿ ಜೊಂಡು. ಹುಳು ಬಿಟ್ಟು ಸಾಸಿವೆ ಕಾಳಿನಷ್ಟು ರಾಗಿಮುದ್ದೆ ಸಿಕ್ಕಿಸಿದೆ. ಎದುರಿನ ಕೊಂಬೆಯಲ್ಲಿ ಮಿಂಚುಳ್ಳಿ ಕೂತಿತ್ತು. "ಮಿಂಚುಳ್ಳಿ ಇದ್ದರೆ ಸಣ್ಣ ಮೀನು ಇರಲೇಬೇಕು, ಅದು ಹತ್ತು ಕೆ.ಜಿ. ಕಾಟ್ಲಾ ನುಂಗಲ್ಲ" ಅಂತ ಮೊಮ್ಮಗನೇ ಅಂದ. ಹುಡುಗ ನೋಡಲು ಕಲಿಯುತ್ತಿದ್ದ.

ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಬೆಂಡು ಮುಳುಗಲಿಲ್ಲ, ಸುಮ್ಮನೆ ನಡುಗಿತು. ನನ್ನ ಕೈ ನಡುಗಿದ್ದೂ ಆಗಲೇ. ಆ ನಡುಕ ನನಗೆ ಗೊತ್ತಿತ್ತು! ಪಕ್ಕೆ ಎಳೆಯುವುದಿಲ್ಲ, ಮುತ್ತಿಟ್ಟು ನೋಡುತ್ತದೆ. "ಈಗ ಬೇಡ... ಬೆಂಡು ಓರೆಯಾಗಲಿ... ಈಗ!" ಅವನು ಮಣಿಕಟ್ಟು ಮಾತ್ರ ಎತ್ತಿದ. ಕಡ್ಡಿಯ ತುದಿ ಬಾಗಿತು. ಬೆಳ್ಳಿಯ ಕಾಸೊಂದು ಗಾಳಿಯಲ್ಲಿ ತಿರುಗಿತು.

ಕೈ ಒದ್ದೆ ಮಾಡಿಕೊಂಡು ಹಿಡಿಯಲು ಹೇಳಿದೆ. ಒಣಗೈಯಲ್ಲಿ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಉಜ್ಜಿಹೋಗುತ್ತದೆ, ಅದೇ ಅದರ ಕವಚ. ಅವನ ಬೊಗಸೆಯಲ್ಲಿ ನೀರು, ನೀರಿನಲ್ಲಿ ಮೀನು, ಬಾಲದ ಬುಡದಲ್ಲಿ ಕಾಡಿಗೆಯ ಚುಕ್ಕೆ. ನನ್ನ ಕನ್ನಡಕ ಮಂಜಾಯಿತು.

"ಅಜ್ಜಿ, ಬಿಡ್ಲಾ?" ಎಂದ. ನಾನು ಹೇಳುವ ಮೊದಲೇ ಬೊಗಸೆ ಬಿಚ್ಚಿದ. ಮೀನು ಒಂದು ಕ್ಷಣ ಅಲ್ಲೇ ನಿಂತು, ಬಾಣದಂತೆ ಹೋಯಿತು.

ಅವತ್ತು ಒಟ್ಟು ಮೂರು ಪಕ್ಕೆ, ಮೈಯುದ್ದಕ್ಕೂ ಕಪ್ಪು ಗೆರೆ ಎಳೆದ ಒಂದು ಮೀನು, ಎಲುಬು ಕಾಣುವ ಒಂದು ಗಾಜಿನಂಥ ಮೀನು ಸಿಕ್ಕಿದವು. ಎಲ್ಲವನ್ನೂ ಬಿಟ್ಟೆವು. ಮೂರು ಪಕ್ಕೆ ಸಿಕ್ಕಿದ ಮಾತ್ರಕ್ಕೆ ಕೆರೆ ಮೊದಲಿನಂತಾಯಿತು ಎನ್ನಲಾರೆ. ಅದಕ್ಕೇ ಮೊಮ್ಮಗ ಒಂದು ಹಳೇ ನೋಟ್‌ಬುಕ್ಕಿನಲ್ಲಿ ತಾರೀಖು, ಜಾಗ, ಮೀನಿನ ಚಿತ್ರ ಬರೆದಿಟ್ಟ. "ಪ್ರತೀ ತಿಂಗಳು ನೀನು ನೋಡಿ ಬರಿ ಅಜ್ಜಿ, ರಜೆಗೆ ಬಂದಾಗ ನಾನು ಬರೀತೀನಿ" ಎಂದು ನನಗೇ ಹೋಂವರ್ಕ್ ಕೊಟ್ಟು ಹೋದ.

ಮಕ್ಕಳೇ, ನಿಮ್ಮೂರ ಹಳ್ಳದಲ್ಲೂ ಇಂಥವರು ಇದ್ದಾರು. ಆದರೆ ಒಬ್ಬರೇ ಹೋಗಬೇಡಿ. ಹೂಳು ತೆಗೆದ ಕೆರೆಗಳಲ್ಲಿ ಕಾಣದ ಗುಂಡಿಗಳಿರುತ್ತವೆ. ಈಜು ಬಲ್ಲ ದೊಡ್ಡವರು ಜೊತೆಗಿರಲಿ, ದಡದಲ್ಲೇ ಕೂರಿ. ತುಂಡಾದ ನೈಲಾನ್ ಎಳೆ ಅಲ್ಲಿ ಬಿಡಬೇಡಿ, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಮನೆಯ ಅಕ್ವೇರಿಯಂ ಮೀನನ್ನು ಕೆರೆಗೆ ಸುರಿಯಬೇಡಿ. ಅಜ್ಜ ಅಜ್ಜಿಯರೇ, ನಿಮ್ಮ ಕಾಲದ ಮೀನು, ಹಕ್ಕಿ, ಹಣ್ಣು "ಈಗೆಲ್ಲಿ" ಎಂದು ನಿಟ್ಟುಸಿರು ಬಿಡುವ ಮೊದಲು ಮೊಮ್ಮಕ್ಕಳ ಕೈ ಹಿಡಿದು ಒಮ್ಮೆ ಹೋಗಿ ನೋಡಿ.

ನವೆಂಬರ್ ಪುಟ ಬರೆದಾಯಿತು. ಪಕ್ಕೆ: ಐದು.