ಅಂಚಿನ ಚುಕ್ಕೆ

ಮೈಸೂರಿನ ಲಕ್ಷ್ಮೀಪುರಂನ ಒಂದು ಅಡ್ಡರಸ್ತೆಯಲ್ಲಿ ಹೆಂಚಿನ ಮನೆ. ಸಂಜೆ ಐದಾಯಿತೆಂದರೆ ಅದರ ಜಗುಲಿಯ ಮೇಲೆ ನಮ್ಮ ಬೀದಿಯ ನಾಲ್ಕೈದು ಮಕ್ಕಳು ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ಕಾನ್ವೆಂಟಿನಲ್ಲಿ ಬಹಳ ವರ್ಷ ಪಾಠ ಹೇಳಿ ನಿವೃತ್ತರಾದ ಟೀಚರ್ ಒಬ್ಬರ ಮನೆ ಅದು. ನಮ್ಮ ತಾಯಂದಿರಿಗೂ ಅವರು ‘ಮಿಸ್ಸು’, ನಮಗೂ ‘ಮಿಸ್ಸು’. ಭಾನುವಾರ ಬೆಳಗ್ಗೆ ಸಂತ ಫಿಲೋಮಿನಾ ಚರ್ಚಿನ ಪೂಜೆ, ಸಂಜೆ ಜಪಸರ, ಉಳಿದ ಹೊತ್ತೆಲ್ಲ ಅಕ್ಷರ. ಫೀಸು ಎಂಬ ಮಾತೇ ಇರಲಿಲ್ಲ. ಅವರು ಹೋಗಿ ಬಹಳ ಕಾಲವಾಯಿತು. ಅವರ ಕೆಲಸದ ರೀತಿಯನ್ನು ಯಾರಾದರೂ ಬರೆದಿಡಬೇಕು ಅನ್ನಿಸುತ್ತಲೇ ಇತ್ತು.

ಮೊದಲು ಮೊರದಲ್ಲಿ ಮರಳು. ಅದರ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು. ‘ಅ’ದಿಂದ ಶುರುವಲ್ಲ, ‘ರ’ದಿಂದ. ‘ಅ’ ಬರೆಯಲು ಎಳೆ ಬೆರಳು ಹಲವು ಸಲ ತಿರುಗಬೇಕು. ‘ರ’ಕ್ಕೆ ಒಂದು ದುಂಡು, ಒಂದು ತಲೆಕಟ್ಟು ಸಾಕು. ‘ರ’ ಕೈಗೆ ಕೂತ ಮೇಲೆ ಗ, ಸ, ದ. ‘ವ’ ಬಂದವನಿಗೆ ‘ಮ’ ಬಂದಂತೆಯೇ, ಬಲಗಡೆ ಒಂದು ಸುರುಳಿ ಸೇರಿಸಿದರಾಯಿತು. ವರ್ಣಮಾಲೆಯ ಕ್ರಮ ಬಾಯಿಗೆ, ಈ ಕ್ರಮ ಕೈಗೆ ಎನ್ನುತ್ತಿದ್ದರು. ಆಮೇಲೆ ಸ್ಲೇಟು, ಬಳಪ. ಕಾಪಿ ಪುಸ್ತಕ ಕೈಗೆ ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತಿತ್ತು.

ಮಹಾಪ್ರಾಣ ಕಲಿಸಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಸ್ ಟಿಕೆಟ್ಟಿನಷ್ಟು ತೆಳ್ಳಗಿನ ಚೀಟಿಯನ್ನು ನಮ್ಮ ತುಟಿಯ ಮುಂದೆ ಹಿಡಿಯುತ್ತಿದ್ದರು. “‘ಪ’ ಅನ್ನು ಪುಟ್ಟಿ. ಚೀಟಿ ಸುಮ್ಮನಿರಬೇಕು. ಈಗ ‘ಫ’ ಅನ್ನು, ಹಾರಬೇಕು.” ಚೀಟಿ ಹಾರಿದ ಕ್ಷಣವೇ ಸ್ಲೇಟಿನ ಮೇಲಿದ್ದ ‘ಪ’ದ ಕೆಳಗೆ ಒಂದು ಸೀಳು ಎಳೆಸುತ್ತಿದ್ದರು. ಉಸಿರು ಹೊರಟ ಬಾಗಿಲು ಅದು. ಬ ಭ, ದ ಧ, ಡ ಢ ಎಲ್ಲಕ್ಕೂ ಅದೇ ಬಾಗಿಲು. ‘ಹೊಟ್ಟೆ ಸೀಳು’ ಎಂದು ಎಲ್ಲ ಮಕ್ಕಳೂ ಬಾಯಿಪಾಠ ಮಾಡುತ್ತಾರೆ. ಆ ಸೀಳು ಯಾಕಿದೆ ಎಂದು ಹೊಳೆಯಿಸಿದವರು ನನಗೆ ಅವರೊಬ್ಬರೇ.

ಆದರೆ ಅವರ ನಿಜವಾದ ವಿದ್ಯೆ ಇದ್ದದ್ದು ಉಕ್ತಲೇಖನದಲ್ಲಿ. ವಾಕ್ಯವನ್ನು ಒಂದೇ ಸಲ ಹೇಳುವುದು, ಆಮೇಲೆ ಸುಮ್ಮನಿರುವುದು. ಎಷ್ಟು ಹೊತ್ತಾದರೂ ಸರಿ, ಕಡೆಯ ಮಗು ತಲೆಯೆತ್ತುವ ತನಕ ಮುಂದಿನ ವಾಕ್ಯವಿಲ್ಲ. ತಪ್ಪಿಗೆ ಕೆಂಪು ಗೀಟು ಹಾಕಿದವರೇ ಅಲ್ಲ. ತಪ್ಪಿರುವ ಸಾಲಿನ ಪಕ್ಕ, ಅಂಚಿನಲ್ಲಿ, ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕೆ ಇಡುತ್ತಿದ್ದರು. ಯಾವ ಪದ, ಯಾವ ಒತ್ತು ಎಂದು ಹುಡುಕುವುದು ನಮ್ಮ ಪಾಲಿನದು. ಸಿಕ್ಕಿ ಸರಿಮಾಡಿದರೆ ಚುಕ್ಕೆಯನ್ನು ರಬ್ಬರಿನಿಂದ ತಾವೇ ಅಳಿಸುತ್ತಿದ್ದರು. ಪುಸ್ತಕ ಮನೆಗೆ ಹೋಗುವಾಗ ತಪ್ಪಿನ ಗುರುತೇ ಇರುತ್ತಿರಲಿಲ್ಲ. ಕನ್ನಡದಲ್ಲಿ ಮಗು ಅಕ್ಷರದ ಮೇಲೆ ಕೈಯಾಡಿಸುವುದಕ್ಕೂ ‘ತಿದ್ದುವುದು’ ಎನ್ನುತ್ತೇವೆ, ಉಪಾಧ್ಯಾಯರು ತಪ್ಪು ಸರಿಮಾಡುವುದಕ್ಕೂ ‘ತಿದ್ದುವುದು’ ಎನ್ನುತ್ತೇವೆ. ಆ ಜಗುಲಿಯಲ್ಲಿ ಎರಡನ್ನೂ ಮಗುವೇ ಮಾಡುತ್ತಿತ್ತು.

ಉಕ್ತಲೇಖನದ ಆ ಮೌನಕ್ಕೆ ಹಳೆಯ ಮನೆತನವಿದೆ ಎಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಫ್ರಾನ್ಸಿನ ರೀಮ್ಸ್ ಪಟ್ಟಣದಲ್ಲಿ 1651ರಲ್ಲಿ ಹುಟ್ಟಿದ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಸಿರಿವಂತರ ಮನೆಯ ಪಾದ್ರಿ. ಬಡಮಕ್ಕಳ ಶಾಲೆಗಾಗಿ ತಮ್ಮ ಪದವಿಯನ್ನೂ ಆಸ್ತಿಯನ್ನೂ ಬಿಟ್ಟವರು. ಲ್ಯಾಟಿನ್‌ನಲ್ಲಿ ಓದು ಆರಂಭಿಸುವ ರೂಢಿ ಇದ್ದ ಕಾಲದಲ್ಲಿ ಮಕ್ಕಳಿಗೆ ಅವರ ಆಡುಮಾತಾದ ಫ್ರೆಂಚಿನಲ್ಲೇ ಮೊದಲು ಓದು ಕಲಿಸಿದರು. ಒಬ್ಬೊಬ್ಬರನ್ನೇ ಮೇಜಿನ ಬಳಿ ಕರೆಯುವುದನ್ನು ಬಿಟ್ಟು ಒಂದು ಮಟ್ಟದ ಮಕ್ಕಳಿಗೆಲ್ಲ ಒಟ್ಟಿಗೆ ಪಾಠ ಹೇಳುವ ಪದ್ಧತಿಯನ್ನು ತಮ್ಮ ಶಾಲೆಗಳಲ್ಲಿ ನೆಲೆಗೊಳಿಸಿದರು. 1685ರಲ್ಲಿ ಹಳ್ಳಿಯ ಉಪಾಧ್ಯಾಯರಿಗೆ ತರಬೇತಿ ಶಾಲೆಯನ್ನೂ ತೆರೆದರು. ಅವರ ಉಪಾಧ್ಯಾಯರು ತರಗತಿಯಲ್ಲಿ ಆದಷ್ಟೂ ಮಾತಾಡದೆ, ಮರದ ಒಂದು ಪುಟ್ಟ ಸಾಧನದ ಸದ್ದಿನಿಂದಲೂ ಕೈಸನ್ನೆಯಿಂದಲೂ ಪಾಠ ನಡೆಸುತ್ತಿದ್ದರು. ಒಳ್ಳೆಯ ಉಪಾಧ್ಯಾಯರಿಗೆ ಅವರು ಹೇಳಿದ ಹನ್ನೆರಡು ಗುಣಗಳಲ್ಲಿ ಎರಡನೆಯದೇ ಮೌನ. ಲಾ ಸಾಲ್ ಅವರನ್ನು 1950ರಲ್ಲಿ ಪೋಪ್ ಹನ್ನೆರಡನೆಯ ಪಿಯೂಸ್ ಉಪಾಧ್ಯಾಯರ ಪಾಲಕ ಸಂತರೆಂದು ಸಾರಿದರು.

ನಮ್ಮ ನಾಡಿಗೆ ಹತ್ತಿರವಾದವರು ಮದರ್ ವೆರೋನಿಕಾ. ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿ, ಆಮೇಲೆ ಕಥೋಲಿಕರಾದವರು. ಮಂಗಳೂರಿನ ಹೆಣ್ಣುಮಕ್ಕಳ ಶಾಲೆಗೆ ಬೇಕಾದ ಸನ್ಯಾಸಿನಿಯರನ್ನು 1868ರಿಂದ ಫ್ರಾನ್ಸಿನ ಬಯೋನ್‌ನಲ್ಲಿ ತಯಾರು ಮಾಡಿದರು. ಆ ಸನ್ಯಾಸಿನಿಯರು 1870ರಲ್ಲಿ ಮಂಗಳೂರು ಮುಟ್ಟಿದರು. ಸಂತ ಆನ್ನರ ಕಾನ್ವೆಂಟ್ ಬೆಳೆದದ್ದು, 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ಶುರುವಾದದ್ದು ಈ ಸನ್ಯಾಸಿನಿಯರ ಅಪೋಸ್ತಲಿಕ್ ಕಾರ್ಮೆಲ್ ಸಂಘದ ಕೈಯಿಂದ. ವೆರೋನಿಕಾ ಮಾತ್ರ ಮಂಗಳೂರಿನಲ್ಲಿ ನೆಲೆಸಲಿಲ್ಲ. 1906ರಲ್ಲಿ ದೂರದ ಫ್ರಾನ್ಸಿನ ಮಠದಲ್ಲಿ ತೀರಿಕೊಂಡರು. ಕಲಿಸುವವರನ್ನು ಕಲಿಸಿ, ತಾವು ಹಿಂದೆ ಸರಿದು ನಿಂತರು. ಅದನ್ನು ಓದಿದಾಗ ನನಗೆ ನೆನಪಾದದ್ದು ಕರಿಹಲಗೆಯ ಪಕ್ಕ ನಿಲ್ಲುತ್ತಿದ್ದ ನಮ್ಮ ಮಿಸ್ಸು. ಬರೆಯುವಾಗಲೂ ಅಡ್ಡ ನಿಲ್ಲುತ್ತಿರಲಿಲ್ಲ, ಓರೆಯಾಗಿ ನಿಂತು ಅಕ್ಷರ ಹುಟ್ಟುವುದನ್ನು ಎಲ್ಲರಿಗೂ ಕಾಣಿಸುತ್ತಿದ್ದರು.

ಆ ಚಾಪೆಯ ಮೇಲೆ ನನ್ನ ಜೊತೆ ಕೂತಿದ್ದ ಗೆಳತಿ ಈಗ ಹೆಗ್ಗಡದೇವನಕೋಟೆ ಕಡೆಯ ಸರ್ಕಾರಿ ಶಾಲೆಯಲ್ಲಿ ಮೇಡಂ. 1995ರಲ್ಲಿ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಮೊದಲು ಶುರುವಾದ ತಾಲ್ಲೂಕು ಅದು. ಆ ಪದ್ಧತಿಯಲ್ಲಿ ಮಕ್ಕಳು ಕಲಿಯುವ ಮೊದಲ ಅಕ್ಷರಗಳೂ ರ, ಗ, ಸ, ದ. ಹೋದ ವರ್ಷ ಅವಳ ತರಗತಿಗೆ ಹೋಗಿದ್ದೆ. ಮಕ್ಕಳ ನೋಟ್‌ಬುಕ್ ತಿರುವಿ ಹಾಕಿದೆ. ಕೆಂಪು ಇಂಕು ಎಲ್ಲೂ ಇರಲಿಲ್ಲ. ಒಂದು ಪುಟದ ಅಂಚಿನಲ್ಲಿ ಮಾತ್ರ ಪೆನ್ಸಿಲಿನ ಚುಕ್ಕೆಯೊಂದು ಇನ್ನೂ ಉಳಿದಿತ್ತು. ಆ ಸಾಲಿನಲ್ಲಿ ‘ಬಾರತ’ ಎಂದಿತ್ತು. ಪುಸ್ತಕದ ಒಡೆಯ, ಆರು ವರ್ಷದ ಪೋರ, ಚುಕ್ಕೆಯನ್ನೊಮ್ಮೆ ಸಾಲನ್ನೊಮ್ಮೆ ನೋಡುತ್ತ, ತುಟಿಯ ಮುಂದೆ ಅಂಗೈ ಹಿಡಿದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದ: ಬ, ಭ, ಬ, ಭ.