ಪ್ರಾರ್ಥನೆಗೆಂದು ಬರೆದ ವರ್ತಮಾನ

ಕ್ರಿ.ಶ. 1843ನೆಯ ಜುಲೈ 1ರಂದು ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಿಂದ ಹೊರಬಂದ ‘ಮಂಗಳೂರ ಸಮಾಚಾರ’ವು ಕನ್ನಡದ ಮೊತ್ತಮೊದಲ ವೃತ್ತಪತ್ರಿಕೆಯೆಂಬುದೂ, ಅದನ್ನು ಹೊರಡಿಸಿದವರು ಜರ್ಮನಿಯಿಂದ ಬಂದ ಪಾದ್ರಿ ಹೆರ್ಮನ್ ಮೋಗ್ಲಿಂಗರೆಂಬುದೂ ನಾಡಿಗೆಲ್ಲ ತಿಳಿದ ಸಂಗತಿ, ಆ ದಿನವನ್ನು ಪತ್ರಿಕಾ ದಿನವೆಂದು ನಾವು ಆಚರಿಸುತ್ತಲೂ ಇದ್ದೇವೆ. ಆದರೆ ಅದೇ ಮಿಷನ್ನಿನ ಮನೆಗಳಲ್ಲಿ, ಬಹುಮಟ್ಟಿಗೆ ಅದೇ ಲೇಖನಿಗಳಿಂದ, ಮತ್ತೊಂದು ಬಗೆಯ ವರ್ತಮಾನವೂ ಹೊರಡುತ್ತಿದ್ದಿತು. ಅದು ಪೇಟೆಯ ಓದುಗನ ಕುತೂಹಲವನ್ನು ತಣಿಸಲು ಬರೆದುದಲ್ಲ, ಮೊಣಕಾಲೂರಿ ಪ್ರಾರ್ಥಿಸುವವನ ಕೈಗೆ ಕೊಡಲು ಬರೆದುದು. ಯಾವ ಊರಿನ ಸಭೆಯಲ್ಲಿ ಯಾರು ರೋಗಶಯ್ಯೆಯಲ್ಲಿದ್ದಾರೆ, ಎಲ್ಲಿ ಮಳೆ ತಪ್ಪಿದೆ, ಯಾವ ಶಾಲೆಗೆ ಉಪಾಧ್ಯಾಯರಿಲ್ಲ, ಯಾವ ದೇವಾಲಯದ ಛಾವಣಿ ಕುಸಿದಿದೆ ಎಂಬಂಥ ಸಣ್ಣಪುಟ್ಟ ಸಂಗತಿಗಳಿಂದ ತುಂಬಿದ ಈ ಬರವಣಿಗೆಯು ಕರ್ನಾಟಕದ ಪ್ರಾಟೆಸ್ಟಂಟ್ ಸಭೆಗಳ ನಡುವೆ ಇಂದಿಗೂ ಸಂಚರಿಸುತ್ತಿದೆ. ಊರೂರಿಗೆ ಚದರಿಹೋದ ಒಂದು ಸಣ್ಣ ಸಮುದಾಯವನ್ನು ಇಷ್ಟು ಕಾಲ ಒಂದು ಮನೆತನದಂತೆ ಹಿಡಿದಿಟ್ಟುದು ದೊಡ್ಡ ಗ್ರಂಥಗಳಿಗಿಂತಲೂ ಹೆಚ್ಚಾಗಿ ಈ ವರ್ತಮಾನವೇ ಎಂಬುದು ನನ್ನ ದೃಢವಾದ ನಂಬಿಕೆ.

ಈ ಪದ್ಧತಿಯ ಪರಿಚಯವಿಲ್ಲದ ಓದುಗರಿಗೆ ಅದರ ನಡೆಯನ್ನು ಕೊಂಚ ವಿವರಿಸಬೇಕು. ಭಾನುವಾರದ ಆರಾಧನೆಯಲ್ಲಿ ಕಾಣಿಕೆ ಎತ್ತುವ ಹೊತ್ತಿಗೆ ಕೆಲವರು ಹಣವನ್ನು ಬಿಡಿಯಾಗಿ ಹಾಕದೆ ಒಂದು ಲಕೋಟೆಯಲ್ಲಿಟ್ಟು ಕೊಡುತ್ತಾರೆ. ಲಕೋಟೆಯ ಮೇಲೆ ಮೂರೇ ಸಾಲು: ಹೆಸರು, ಮೊತ್ತ, ಕಾರಣ. ಮಗಳ ಹೆರಿಗೆ ಸುಸೂತ್ರವಾಗಿ ಆದುದಕ್ಕೆ. ಗಲ್ಫಿಗೆ ಹೋದ ಮಗನಿಗೆ ಕೆಲಸ ದೊರೆತುದಕ್ಕೆ. ಯಜಮಾನರ ವರ್ಷದ ನೆನಪಿಗೆ. ನಾಡಿದ್ದಿನ ಆಪರೇಷನ್ನಿಗಾಗಿ ಪ್ರಾರ್ಥಿಸಿರಿ. ಒಂದೊಂದು ಲಕೋಟೆಯ ಮೇಲೆ, ಅಕ್ಷರಗಳನ್ನು ಕೂಡಿಸಿ ಕೂಡಿಸಿ ಬರೆಯುವ ವೃದ್ಧೆಯೊಬ್ಬಳ ನಡುಗುವ ಕೈಯಲ್ಲಿ, ಹೆಸರಿನ ಸ್ಥಳದಲ್ಲಿ ‘ಹೆಸರು ಓದಬೇಡಿ ಅಯ್ಯನವರೇ’ ಎಂದಷ್ಟೇ ಇರುವುದುಂಟು. ಸಭಾಪಾಲಕರು ಇವನ್ನೆಲ್ಲ ಓದಿ, ಓದಬಾರದುದನ್ನು ಬಿಟ್ಟು, ಸಭೆಯ ಪರವಾಗಿ ಪ್ರಾರ್ಥಿಸುತ್ತಾರೆ. ಇವುಗಳಲ್ಲಿ ಹಿರಿದೆನಿಸಿದವು ಸಭಾಪ್ರಾಂತ್ಯದ ಪತ್ರಿಕೆಗೆ ಹೋಗಿ, ಉಳಿದ ಊರುಗಳ ವರ್ತಮಾನದೊಡನೆ ಸೇರಿ, ಮುಂದಿನ ತಿಂಗಳು ನೂರಾರು ಮೈಲಿ ದೂರದ ಸಭೆಗಳಿಗೆ ತಲುಪುತ್ತವೆ. ಹೀಗೆ ಗದಗಿನ ಬೆಟಗೇರಿಯ ನೇಕಾರನ ಕಷ್ಟಕ್ಕೆ ಉಡುಪಿಯ ಸ್ತ್ರೀಯರ ಕೂಟವು, ಅವನ ಮುಖವನ್ನೂ ಕಾಣದೆ, ದೇವರೆದುರು ತಲೆಬಾಗುತ್ತದೆ.

ಇದರ ಮೂಲ ನಮ್ಮಲ್ಲಿಯದಲ್ಲ. 1727ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಹೆರ್ನ್‌ಹೂಟ್ ಎಂಬ ಹಳ್ಳಿಯಲ್ಲಿ, ಮೊರೇವಿಯಾದಿಂದ ಮತಹಿಂಸೆಗೆ ಅಂಜಿ ಓಡಿಬಂದಿದ್ದ ನಿರಾಶ್ರಿತರು ಹಗಲಿರುಳಿನ ಇಪ್ಪತ್ತನಾಲ್ಕು ಗಂಟೆಗಳನ್ನೂ ತಮ್ಮೊಳಗೆ ಹಂಚಿಕೊಂಡು ಸರದಿಯ ಪ್ರಾರ್ಥನೆಯನ್ನು ಆರಂಭಿಸಿದರು. ಅದು ನೂರು ವರ್ಷಕ್ಕೂ ಮಿಕ್ಕಿ ನಡೆಯಿತೆಂದು ಚರಿತ್ರೆ ಹೇಳುತ್ತದೆ. ದೂರ ದೇಶಗಳಿಗೆ ತೆರಳಿದ ತಮ್ಮವರ ಪತ್ರಗಳನ್ನು ನೆರೆದ ಸಭೆಯೆದುರು ಓದಿ, ಓದಿದುದನ್ನೇ ಪ್ರಾರ್ಥನೆಯ ವಿಷಯವಾಗಿ ಮಾಡಿಕೊಳ್ಳುವ ಕ್ರಮವನ್ನು ಬೆಳೆಸಿದವರೂ ಅವರೇ. ಮುಂದೆ 1784ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಸೀಮೆಯ ಬ್ಯಾಪ್ಟಿಸ್ಟ್ ಸಭೆಗಳು ಪ್ರತಿ ತಿಂಗಳ ಮೊದಲ ಸೋಮವಾರ ಸಂಜೆ ಏಕಕಾಲಕ್ಕೆ ಪ್ರಾರ್ಥಿಸುವುದೆಂದು ಒಡಂಬಟ್ಟವು. ಆ ಸಭೆಗಳ ಬಳಗದಲ್ಲಿ ಬೆಳೆದ ವಿಲಿಯಂ ಕೇರಿಯು ವಂಗದೇಶಕ್ಕೆ ಬಂದು, ಸಿರಾಂಪುರದ ಅಚ್ಚುಮನೆಯಲ್ಲಿ ಭಾರತದ ಅನೇಕ ಭಾಷೆಗಳಿಗೆ ಅಚ್ಚಿನ ಮೊಳೆ ಕೊಯ್ಯಿಸಿದನು. ಕನ್ನಡದ ಹೊಸ ಒಡಂಬಡಿಕೆಯೊಂದು ಅಲ್ಲಿಂದಲೇ ಹೊರಟಿತು. ಇನ್ನು ಹೊಸ ವರ್ಷದ ಮೊದಲಲ್ಲಿ ಲೋಕದ ಅನೇಕ ಕಡೆ ನಡೆಯುವ ಪ್ರಾರ್ಥನಾ ಸಪ್ತಾಹದ ಕರೆಯು ಹೊರಟುದು ಯೂರೋಪಿನಿಂದಲ್ಲ, ನಮ್ಮ ಪಂಜಾಬಿನ ಲೂಧಿಯಾನದಿಂದ, 1858ರಲ್ಲಿ. ಇದನ್ನು ನಮ್ಮ ಸಭೆಗಳವರಲ್ಲೇ ಬಲ್ಲವರು ಕಡಮೆ.

ಕರಾವಳಿಗೆ ಈ ಸಂಪ್ರದಾಯವನ್ನು ತಂದವರು 1834ರಲ್ಲಿ ಮಂಗಳೂರಿನಲ್ಲಿಳಿದ ಹೆಬಿಕ್, ಲೇನರ್, ಗ್ರೈನರ್ ಎಂಬ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಕೇಂದ್ರಗಳು ಏಳುತ್ತಲೇ ಪ್ರತಿಯೊಂದರಿಂದಲೂ ಬಾಸೆಲಿನ ಆಡಳಿತ ಮಂಡಲಿಗೆ ಕಾಲಕಾಲಕ್ಕೆ ವರದಿ ಹೋಗತಕ್ಕದ್ದೆಂಬ ನಿಯಮವಾಯಿತು. ಆ ವರದಿಗಳ ಸಾರವು 1828ರಲ್ಲಿ ಅಲ್ಲಿ ಹುಟ್ಟಿದ್ದ ‘ಹೈಡೆನ್‌ಬೋಟೆ’ ಎಂಬ ಪತ್ರಿಕೆಯಲ್ಲಿ ಅಚ್ಚಾಗಿ, ಸ್ವಿಟ್ಜರ್ಲೆಂಡಿನ ಮತ್ತು ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮನೆಗಳನ್ನು ಹೊಗುತ್ತಿದ್ದಿತು. 1855ರಲ್ಲಿ ಅಲ್ಲಿಯ ಜನರು ವಾರಕ್ಕೊಂದು ಅತ್ಯಲ್ಪ ಬೆಲೆಯ ನಾಣ್ಯವನ್ನು ಮಿಷನ್ನಿಗೆಂದು ಎತ್ತಿಡುವ ಏರ್ಪಾಡಾಯಿತು. ಬಡವರ ಆ ಕಾಸೇ ಕೂಡಿ ಮಿಷನ್ನಿನ ದೊಡ್ಡ ಆಧಾರವಾಯಿತು. ನಮ್ಮ ಊರುಗಳ ಹೆಸರನ್ನು ನೆಟ್ಟಗೆ ಉಚ್ಚರಿಸಲೂ ಬಾರದ ಹಳ್ಳಿಯ ಹೆಂಗಸೊಬ್ಬಳು ಚಳಿಗಾಲದ ಇರುಳಿನಲ್ಲಿ ಮುಲ್ಕಿಯ ಸಭೆಗಾಗಿ, ಗುಳೇದಗುಡ್ಡದ ಸಭೆಗಾಗಿ ಕೈಮುಗಿಯುತ್ತಿದ್ದಳೆಂಬುದನ್ನು ನೆನೆದರೆ ಮನಸ್ಸು ಆರ್ದ್ರವಾಗುತ್ತದೆ.

ಇಲ್ಲೊಂದು ವಿಚಾರವನ್ನು ಕುರಿತು ತಡೆದು ಯೋಚಿಸಬೇಕು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವುದಕ್ಕೆ ಮೊದಲು ಒಂದು ಪತ್ರ ಮಂಗಳೂರಿನಿಂದ ಬಾಸೆಲಿಗೆ ಮುಟ್ಟಲು ಅನೇಕ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತಿದ್ದವು. ಅದು ಅಚ್ಚಾಗಿ ಓದುಗನ ಕೈ ಸೇರಲು ಮತ್ತಷ್ಟು ಕಾಲ. ಜ್ವರದಿಂದ ನರಳುತ್ತಿರುವ ಸಹೋದರನಿಗಾಗಿ ಪ್ರಾರ್ಥಿಸಿರೆಂಬ ಸಾಲನ್ನು ಅಲ್ಲಿ ಓದುವ ಹೊತ್ತಿಗೆ ಇಲ್ಲಿ ಆತನು ಗುಣಮುಖನಾಗಿರಬಹುದು, ಇಲ್ಲವೆ ಆತನ ಸಮಾಧಿಯ ಮೇಲೆ ಹುಲ್ಲು ಬೆಳೆದಿರಬಹುದು. ಆದರೂ ಅವರು ಪ್ರಾರ್ಥಿಸುವುದನ್ನು ಬಿಡಲಿಲ್ಲ. ದೇವರಿಗೆ ಸುದ್ದಿ ತಿಳಿಸುವುದು ಪ್ರಾರ್ಥನೆಯ ಉದ್ದೇಶವಲ್ಲ, ಪ್ರಾರ್ಥಿಸುವವನ ಹೃದಯವನ್ನು ಪರರ ನೋವಿಗೆ ತೆರೆದಿಡುವುದೇ ಅದರ ಕಾರ್ಯ ಎಂಬ ತಿಳಿವು ಆ ಜನರಲ್ಲಿ ಆಳವಾಗಿ ಇದ್ದಿರಬೇಕು.

ಆ ವರದಿಗಳೆಲ್ಲ ನಿರ್ದುಷ್ಟವಾಗಿದ್ದುವೆಂದು ನಾನು ಹೇಳಲಾರೆ. ದೂರದ ದಾನಿಗಳ ಮನ ಕರಗಿಸುವ ಆತುರದಲ್ಲಿ ಈ ನಾಡಿನ ಜನರ ನಂಬಿಕೆ ನಡವಳಿಕೆಗಳಿಗೆ ಅಲ್ಲಿ ಅನೇಕಬಾರಿ ಕಪ್ಪು ಬಣ್ಣವನ್ನೇ ಬಳಿದಿದ್ದಾರೆ. ಇದು ಅನ್ಯಾಯ, ಇದನ್ನು ಕ್ರೈಸ್ತರಾದವರೇ ಮೊದಲು ಒಪ್ಪಿಕೊಳ್ಳಬೇಕು. ಆದರೆ 1876ರಿಂದ 78ರ ವರೆಗಿನ ಘೋರ ಕ್ಷಾಮದಲ್ಲಿ ಧಾರವಾಡ, ಬಳ್ಳಾರಿ, ಮೈಸೂರು ಸೀಮೆಗಳು ಬೆಂದಾಗ ಇದೇ ದಾರಿಯಿಂದ ಹೋದ ವರ್ತಮಾನವು ಧಾನ್ಯವಾಗಿ, ಅನಾಥ ಮಕ್ಕಳ ಆಶ್ರಯವಾಗಿ ಮರಳಿ ಬಂದಿತೆಂಬುದನ್ನೂ ಮರೆಯುವಂತಿಲ್ಲ.

1914ರ ಮಹಾಯುದ್ಧವು ಎಲ್ಲವನ್ನೂ ತಿರುವುಮುರುವು ಮಾಡಿತು. ಜರ್ಮನ್ ಪಾದ್ರಿಗಳನ್ನು ಸರ್ಕಾರವು ಅಹಮದ್‌ನಗರದ ಶಿಬಿರದಲ್ಲಿ ಸೆರೆಯಿಟ್ಟು, ಬಳಿಕ ದೇಶದಿಂದ ಹೊರಗೆ ಕಳುಹಿಸಿತು. ಅಂದಿನವರೆಗೆ ಪ್ರಾರ್ಥನೆಗೆ ವಿಷಯವಾಗಿದ್ದ ಇಲ್ಲಿಯ ಸಭೆಗಳು ಅಂದಿನಿಂದ ತಮ್ಮ ಪಾದ್ರಿಗಳಿಗಾಗಿ ತಾವು ಪ್ರಾರ್ಥಿಸುವ, ಒಬ್ಬರ ಭಾರವನ್ನೊಬ್ಬರು ಹೊರುವ ಸಭೆಗಳಾಗಿ ಬೆಳೆಯಬೇಕಾಯಿತು. ಉಪದೇಶಕರು, ಹಿರಿಯರು, ಶಾಲಾಮಾಸ್ತರರು ವರ್ತಮಾನವನ್ನು ತಾವೇ ಬರೆಯತೊಡಗಿದರು. ಓದುಗರೂ ಈಗ ಬಾಸೆಲಿನವರಲ್ಲ, ನೆರೆಯೂರಿನವರು. ನನ್ನ ದೃಷ್ಟಿಯಲ್ಲಿ ಕರ್ನಾಟಕದ ಸಭೆಗಳು ಪ್ರಾಪ್ತವಯಸ್ಕವಾದುದು ಆಗಲೇ.

1919ರಲ್ಲಿ ತರಂಗಂಬಾಡಿಯಲ್ಲಿ ಮೊದಲಾದ ಐಕ್ಯದ ಮಾತುಕತೆ ಇಪ್ಪತ್ತೆಂಟು ವರ್ಷ ನಡೆದು, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪಿತವಾಯಿತು. ಕ್ರಮೇಣ ಬಳ್ಳಾರಿ ಬೆಂಗಳೂರುಗಳ ಲಂಡನ್ ಮಿಷನ್ನಿನವರು, ಮೈಸೂರು ತುಮಕೂರುಗಳ ವೆಸ್ಲಿಯನ್ನರು, ಕರಾವಳಿಯ ಬಾಸೆಲಿನವರು ಒಂದೇ ಮನೆಯ ಜನರಾದರು. 1970ರಲ್ಲಿ ಕರ್ನಾಟಕದಲ್ಲಿ ಕೇಂದ್ರ, ಉತ್ತರ, ದಕ್ಷಿಣ ಎಂದು ಮೂರು ಸಭಾಪ್ರಾಂತ್ಯಗಳು ವಿಂಗಡವಾಗಿ ಬೆಂಗಳೂರು, ಧಾರವಾಡ, ಮಂಗಳೂರುಗಳು ಅವುಗಳ ಕೇಂದ್ರಗಳಾದವು. ಆಸ್ತಿಪಾಸ್ತಿಯ, ಚುನಾವಣೆಯ ವ್ಯಾಜ್ಯಗಳು ಈ ಮನೆಯಲ್ಲೂ ಇಲ್ಲದಿಲ್ಲ. ಆದರೆ ನ್ಯಾಯಾಲಯದಲ್ಲಿ ಎದುರುಬದುರಾಗಿ ನಿಂತವರ ಹೆಸರುಗಳೂ ಕಾಯಿಲೆಯ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲೇ ಬರುತ್ತವೆ. ಅದನ್ನು ಓದುವಾಗ ಇಬ್ಬರಿಗಾಗಿಯೂ ಒಂದೇ ‘ಆಮೆನ್’ ಹೇಳಬೇಕಾಗುತ್ತದೆ.

ಈಗ ವರ್ತಮಾನಕ್ಕೆ ತಿಂಗಳು ಬೇಕಾಗಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತವನು ಮೊಬೈಲಿನಲ್ಲಿ ನಾಲ್ಕು ಸಾಲು ಒತ್ತಿದರೆ ಅರ್ಧ ಗಂಟೆಯೊಳಗೆ ಮಸ್ಕತ್ತಿನಲ್ಲಿರುವ ಕನ್ನಡ ಕುಟುಂಬವೂ ಅವನಿಗಾಗಿ ಪ್ರಾರ್ಥಿಸುತ್ತದೆ. ಇದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಲಕೋಟೆಯ ಮೇಲಿನ ‘ಹೆಸರು ಓದಬೇಡಿ’ ಎಂಬ ಸಾಲನ್ನು ಕಾಯುತ್ತಿದ್ದ ಸಭಾಪಾಲಕರ ವಿವೇಕ ಈ ಓಟದಲ್ಲಿ ಸಡಿಲವಾಗುತ್ತಿದೆ. ರೋಗಿಯ ಹೆಸರು, ವ್ಯಾಧಿಯ ವಿವರ, ಮುರಿದ ಮದುವೆಯ ಕಾರಣ, ಸಾಲದ ಮೊತ್ತ ಎಲ್ಲವೂ ಪ್ರಾರ್ಥನೆಯ ಹೆಸರಿನಲ್ಲಿ ಬಾಯಿಂದ ಬಾಯಿಗೆ ಹರಿದು ಮಾತಿನ ಚಪಲಕ್ಕೆ ಆಹಾರವಾಗುವುದುಂಟು. ಮತ್ತೊಂದು ಕೊರತೆಯೂ ಇದೆ. ಬೇಡಿಕೆ ಬರುವ ವೇಗದಲ್ಲಿ ಅದರ ಫಲ ತಿಳಿಯುವುದಿಲ್ಲ. ಹತ್ತು ಸಭೆಗಳು ಉಪವಾಸವಿದ್ದು ಪ್ರಾರ್ಥಿಸಿದ ಮಗು ಮನೆಗೆ ಮರಳಿತೋ ಇಲ್ಲವೋ ಎಂಬುದನ್ನು ಯಾರೂ ಬರೆಯುವುದಿಲ್ಲ.

ಆದುದರಿಂದ ಸಭೆಗಳ ಕಾರ್ಯದರ್ಶಿಗಳಲ್ಲಿಯೂ ಪತ್ರಿಕೆಗಳ ಸಂಪಾದಕರಲ್ಲಿಯೂ ನನ್ನ ಬಿನ್ನಹವಿಷ್ಟು. ಯಾರದೇ ಹೆಸರನ್ನು ಪ್ರಕಟಿಸುವ ಮೊದಲು ಆ ಮನೆಯವರನ್ನು ಕೇಳಿರಿ. ಬೇಡವೆಂದರೆ ‘ಒಬ್ಬ ಸಹೋದರಿ’ ಎಂದಷ್ಟೇ ಬರೆದರೂ ಪ್ರಾರ್ಥನೆಗೆ ಸಾಕು. ಬೇಡಿಕೆಗೆ ಕೊಟ್ಟಷ್ಟೇ ಸ್ಥಳವನ್ನು, ಮರಣವೇ ಸಂಭವಿಸಿದ್ದರೂ ಸರಿಯೆ, ಅದರ ಮುಂದಿನ ವರ್ತಮಾನಕ್ಕೂ ಕೊಡಿರಿ. ಹಳೆಯ ಸಂಚಿಕೆಗಳು, ದಿನಚರಿಗಳು, ಪತ್ರಗಳು ಮನೆಯ ಅಟ್ಟದಲ್ಲಿದ್ದರೆ ರದ್ದಿಗೆ ತೂಗಬೇಡಿರಿ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲೆಗಳ ಭಂಡಾರವಿದೆ, ಅಲ್ಲಿಗೆ ಒಪ್ಪಿಸಿರಿ.