ಹಳೆ ಮನೆ ಕೊಳ್ತೀರಾ? ಮೊದಲು ಮಾಳಿಗೆ ಹತ್ತಿ!

ಎಮ್ಮಿಗನೂರು: 'ಜಾಗ ಚಲೋ ಐತೆ, ಗೋಡೆ ಗಟ್ಟಿ ಅದಾವು. ಮ್ಯಾಲೆ ಒಂದಿಷ್ಟು ರಿಪೇರಿ ಮಾಡಿಸಿದ್ರೆ ಆತು...'

ಹಳೆ ಮನೆ ತೋರಿಸುವ ದಲ್ಲಾಳಿಯ ಬಾಯಲ್ಲಿ ಬರುವ ಮೊದಲ ಮಾತೇ ಇದು. ಆ 'ಒಂದಿಷ್ಟು' ಅಂದರೆ ಎಷ್ಟು ಎಂದು ತಿಳಿಯುವ ಹೊತ್ತಿಗೆ ಮನೆಯಾಕೆಯ ಕೊರಳ ಸರ ಅಡವಿಗೆ ಹೋಗಿರುತ್ತದೆ.

ಎಮ್ಮಿಗನೂರು ನೇಕಾರರ ಊರು. ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘದಿಂದ ಹೆಸರಾದ ಊರು. ಇಲ್ಲಿನ ಹಳೆ ಗಲ್ಲಿಗಳಲ್ಲಿ ವಾಸವೂ ಅಲ್ಲೇ, ನೇಯ್ಗೆಯೂ ಅಲ್ಲೇ. ತಲೆ ಮೇಲೆ ಮಣ್ಣಿನ ಮಾಳಿಗೆ, ಕಾಲ ಕೆಳಗೆ ಕುಣಿಮಗ್ಗ. ಮಗ್ಗ ಬಿಟ್ಟವರ ಮಕ್ಕಳು ಬೇರೆ ಊರು ಸೇರಿದಾಗ ಇಂಥ ಮನೆಗಳು ಮಾರಾಟಕ್ಕೆ ಬರುತ್ತವೆ. ಕೊಳ್ಳುವವರು ಬಾಗಿಲು, ಬಣ್ಣ, ನಲ್ಲಿ ನೋಡುತ್ತಾರೆ. ದುಡ್ಡು ನುಂಗುವ ಜಾಗಗಳು ಇವಲ್ಲ!

ಹದಿಮೂರು ಟನ್ ಮಣ್ಣು

ಮಾಳಿಗೆ ಮನೆಯೆಂದರೆ ತೊಲೆ, ಅದರ ಮೇಲೆ ಜಂತಿ, ಜಂತಿ ಮೇಲೆ ಹಲಗೆ ಇಲ್ಲವೇ ಬಂಡೆ, ಎಲ್ಲಕ್ಕೂ ಮೇಲೆ ಸವಳು ಮಣ್ಣು. ಮಳೆ ಕಡಿಮೆಯಾದ ಈ ಸೀಮೆಗೆ ಇದಕ್ಕಿಂತ ತಂಪಾದ ಸೂರಿಲ್ಲ. ಆದರೆ ಸೋರಿದಾಗಲೆಲ್ಲ ಹಳೆ ಮಣ್ಣು ತೆಗೆಯದೆ ಅದರ ಮೇಲೇ ಹೊಸ ಮಣ್ಣು ಹಾಕುವುದು ರೂಢಿ. ಅಜ್ಜನ ಕಾಲದಲ್ಲಿ ಗೇಣುದ್ದ ಇದ್ದದ್ದು ಮೊಮ್ಮಗನ ಕಾಲಕ್ಕೆ ಒಂದಡಿ ದಾಟಿರುತ್ತದೆ.

ಲೆಕ್ಕ ಹಾಕಿ ನೋಡಿ. 20 ಅಡಿ ಉದ್ದ, 15 ಅಡಿ ಅಗಲದ ಒಂದು ಅಂಕಣ. ಮೇಲೆ ಒಂದಡಿ ಮಣ್ಣಿದ್ದರೆ 300 ಘನ ಅಡಿ. ಘನ ಅಡಿಗೆ 45 ಕಿಲೋ ಹಿಡಿದರೂ ಹದಿಮೂರೂವರೆ ಟನ್ ಆಯಿತು. ನೆನೆದರೆ ಇನ್ನೂ ಜಾಸ್ತಿ. ಅಷ್ಟೇ ಜಾಗಕ್ಕೆ ಐದಿಂಚಿನ ಆರ್‌ಸಿಸಿ ಹಾಕಿದರೆ ತೂಕ ಸುಮಾರು ಒಂಬತ್ತು ಟನ್ ಮಾತ್ರ. ಇಷ್ಟು ಭಾರ ಹೊತ್ತ ತೊಲೆಯ ತುದಿಗಳು ಗೋಡೆಯೊಳಗೆ ಹುದುಗಿರುತ್ತವೆ. ಗೋಡೆಗುಂಟ ಇಳಿದ ನೀರು ಮೊದಲು ಕೊಳೆಸುವುದು ಅದೇ ತುದಿಯನ್ನು. ಮಧ್ಯದಲ್ಲಿ ತೊಲೆ ಕಬ್ಬಿಣದ ಹಾಗಿದ್ದು, ತುದಿಯಲ್ಲಿ ಒರಲಿ ತಿಂದು ಹಿಟ್ಟಾಗಿರಬಹುದು. ಮಳೆ ಹಿಡಿದ ರಾತ್ರಿ ಮಲಗಿದವರ ಮೇಲೆ ಕುಸಿಯುವುದು ಇಂಥ ಮಾಳಿಗೆಯೇ.

ಆದ್ದರಿಂದ ಮನೆ ನೋಡಲು ಹೋಗುವಾಗ ಬಡಗಿಯನ್ನು ಕರೆದುಕೊಂಡು ಹೋಗಿ. ತೊಲೆ ಗೋಡೆ ಸೇರುವ ಕಡೆ ಸ್ಕ್ರೂಡ್ರೈವರ್‌ನಿಂದ ಚುಚ್ಚಿಸಿ. ಸಲೀಸಾಗಿ ಒಳಗೆ ಹೋದರೆ ಆ ತೊಲೆಯ ಕತೆ ಮುಗಿದಂತೆ. ಆಮೇಲೆ ನೀವೇ ಮೇಲೆ ಹತ್ತಿ. ಕುಂಬಿಯ ಬುಡ, ನೀರು ಹೋಗುವ ದೋಣಿ, ಬೆಳಕಿಂಡಿಯ ಸುತ್ತ ನೋಡಿ. ಬೆಳಕಿಂಡಿಯಲ್ಲಿ ಕೈ ಬಿಟ್ಟರೆ ಮಣ್ಣಿನ ದಪ್ಪವೂ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಹೊಸದಾಗಿ ಸುಣ್ಣ ಬಳಿದ ಮನೆಯನ್ನು ನಂಬಬೇಡಿ. ಒಂದು ಮಳೆ ಬಿದ್ದ ಮರುದಿನ ಮತ್ತೊಮ್ಮೆ ಹೋಗಿ ಬನ್ನಿ.

ಮಾಳಿಗೆ ತೆಗೆದು ಆರ್‌ಸಿಸಿ ಹಾಕಿಸುವುದಾದರೆ, ಮೇಲೆ ಹೇಳಿದ 300 ಚದರ ಅಡಿಗೆ ಸಿಮೆಂಟ್ 28ರಿಂದ 30 ಚೀಲ, ಕಬ್ಬಿಣ ಸುಮಾರು 300 ಕಿಲೋ ಬೇಕು. ಮರಳು, ಜಲ್ಲಿ, ಸೆಂಟ್ರಿಂಗ್, ಕೂಲಿ ಬೇರೆ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆ ಎಸ್ಟಿಮೇಟು ಹಿಡಿದು ಬರುವ ಮೇಸ್ತ್ರಿಗೆ ಇದನ್ನು ನೆನಪಿಸಬಹುದು. ಆದರೆ ದೊಡ್ಡ ಪ್ರಶ್ನೆ ಗೋಡೆಯದು. ಕೆಸರಿನಲ್ಲಿ ಕಟ್ಟಿದ ಕಲ್ಲುಗೋಡೆ ಸ್ಲ್ಯಾಬ್ ತಡೆಯದು ಎಂದಾದರೆ ಕಾಲಂ ಎಬ್ಬಿಸಬೇಕು. ಅಲ್ಲಿಗೆ ಅದು ರಿಪೇರಿಯಲ್ಲ, ಹೊಸ ಮನೆ!

ಪಕ್ಕದ ಮನೆಯವರ ಜಂಟಿ ಗೋಡೆಯಾಗಿದ್ದರೆ ಅವರ ಜಂತಿಯೂ ಅದರ ಮೇಲೇ ಕೂತಿರುತ್ತದೆ. ಅವರನ್ನು ಕೇಳದೆ ಒಂದು ಕಲ್ಲನ್ನೂ ತೆಗೆಯುವಂತಿಲ್ಲ.

ಇದು ನಮ್ಮ ಮನೆತನದಲ್ಲೇ ಆದ ಅನುಭವ. ನಮ್ಮ ಸೋದರಮಾವ ಇಂಥದ್ದೇ ಮನೆ ಕೊಂಡಾಗ ಒಂದೂವರೆ ಲಕ್ಷದಲ್ಲಿ ರಿಪೇರಿ ಮುಗಿಯುತ್ತದೆ ಎಂದು ಮೇಸ್ತ್ರಿಯ ಬಾಯಿಮಾತು. ಮಣ್ಣು ಇಳಿಸಿದ ಮೇಲೆ ಆರು ತೊಲೆಗಳಲ್ಲಿ ನಾಲ್ಕು ಕೊಳೆತಿದ್ದವು. ಗಲ್ಲಿಗೆ ಟ್ರ್ಯಾಕ್ಟರ್ ಬರಲಿಲ್ಲ. ಬುಟ್ಟಿಯಲ್ಲಿ ಹೊತ್ತು ಹಾಕಿದ ಮಣ್ಣು ನಾಲ್ಕು ಟ್ರ್ಯಾಲಿ. ಆ ಕೂಲಿಯನ್ನು ಯಾರೂ ಲೆಕ್ಕದಲ್ಲಿ ಬರೆದೇ ಇರಲಿಲ್ಲ. ಖರ್ಚು ನಾಲ್ಕು ಲಕ್ಷ ದಾಟಿತು. ಮಗಳ ಮದುವೆಗೆಂದು ಇಟ್ಟಿದ್ದ ಬಂಗಾರ ಹೋಯಿತು. ಎರಡು ಮಳೆಗಾಲ ಅರ್ಧ ಮನೆಗೆ ತಗಡು ಹಾಕಿಕೊಂಡೇ ಕಳೆದರು. 'ಮನಿ ನೋಡಾಕ ನಾಕು ಸಲ ಹೋಗಿದ್ದೆ. ಒಂದ್ ಸಲಾನೂ ಮ್ಯಾಲೆ ಹತ್ತಲಿಲ್ಲ ನೋಡು' ಎಂದು ಈಗಲೂ ಹೇಳುತ್ತಾರೆ.

ನೆಲದೊಳಗಿನ ಕುಣಿ

ಕುಣಿಮಗ್ಗದ ನೇಕಾರ ಕಾಲು ಇಳಿಬಿಟ್ಟು ಕೂರುವ ಗುಂಡಿಯನ್ನು ಮನೆ ಮಾರುವಾಗ ಕಸಕಡ್ಡಿ, ಇಟ್ಟಿಗೆ ಚೂರು ತುಂಬಿ ಮುಚ್ಚಿರುತ್ತಾರೆ. ಮೇಲೆ ಬೇತಂಚೆರ್ಲ ಬಂಡೆಯೋ ಟೈಲ್ಸೋ ಬಿದ್ದರೆ ಕಾಣುವುದೇ ಇಲ್ಲ. ವರ್ಷದೊಳಗೆ ನೆಲ ತಗ್ಗುತ್ತದೆ. ಹಿಮ್ಮಡಿಯಿಂದ ಕುಟ್ಟುತ್ತ ನಡೆದರೆ ಪೊಳ್ಳು ಸದ್ದು ಹೇಳಿಬಿಡುತ್ತದೆ. ಅಗೆದು, ಮೊರಂ ಅರ್ಧರ್ಧ ಅಡಿ ಹಾಕಿ, ನೀರುಣಿಸಿ ದಮ್ಮಸು ಮಾಡಿಸುವುದೊಂದೇ ದಾರಿ. ಹೊಸ ಟೈಲ್ಸ್ ಹಾಕಿಸುವ ಮುಂಚೆಯೇ!

ಎರೆಮಣ್ಣಿನ ಜಾಗವಾದರೆ ಬಿರುಕುಗಳನ್ನೂ ನೋಡಬೇಕು. ಬಾಗಿಲ ಮೂಲೆಯಿಂದ ಓರೆಯಾಗಿ ಏರಿದ ಬಿರುಕು ಇದ್ದರೆ, ಅದಕ್ಕೆ ಅಡ್ಡಲಾಗಿ ಸ್ವಲ್ಪ ಸಿಮೆಂಟ್ ಮೆತ್ತಿ ತಾರೀಖು ಬರೆಸಿ. ತಿಂಗಳೆರಡರಲ್ಲಿ ಅದೂ ಸೀಳಿದರೆ ಪಾಯ ಇನ್ನೂ ಅಲುಗುತ್ತಿದೆ ಎಂದರ್ಥ. 2009ರ ಅಕ್ಟೋಬರ್‌ನಲ್ಲಿ ತುಂಗಭದ್ರೆ ಉಕ್ಕಿದಾಗ ಮಂತ್ರಾಲಯದ ಕಡೆ ನೀರು ನಿಂತ ಊರುಗಳಲ್ಲಿ ಮನೆ ಕೊಳ್ಳುವವರು ಗೋಡೆಯ ಬುಡವನ್ನು ಕೆರೆದು ನೋಡುವುದು ಲೇಸು. ಕರೆಂಟಿನ ಹಳೆ ವೈರು, ಪಾಯಖಾನೆ ಗುಂಡಿಗೆ ಜಾಗ, ಇವೂ ಪಟ್ಟಿಯಲ್ಲಿರಲಿ.

ಇನ್ನು ಬೆಲೆ. ಅದೇ ಗಲ್ಲಿಯಲ್ಲಿ ಅಷ್ಟೇ ಅಳತೆಯ ಸುಸ್ಥಿತಿಯ ಮನೆ 15 ಲಕ್ಷಕ್ಕೆ ಹೋಗುತ್ತದೆ ಎನ್ನಿ. ಇಬ್ಬರು ಮೇಸ್ತ್ರಿಗಳು ಬೇರೆ ಬೇರೆಯಾಗಿ ಬರೆದುಕೊಟ್ಟ ರಿಪೇರಿ ಲೆಕ್ಕದಲ್ಲಿ ಹೆಚ್ಚಿನದು 4 ಲಕ್ಷ. ಅದರ ಕಾಲು ಭಾಗ, ಅಂದರೆ 1 ಲಕ್ಷ, ಬಿಚ್ಚಿದಾಗ ಕಾಣುವ ಹುಳುಕಿಗೆ. ಹತ್ತು ಲಕ್ಷಕ್ಕಿಂತ ಮೇಲೆ ಹೋದರೆ ಮಾರುವವರ ಹುಳುಕಿಗೆ ನೀವು ದುಡ್ಡು ಕೊಟ್ಟಂತೆ. ಆಂಧ್ರದಲ್ಲಿ ಮುದ್ರಾಂಕ, ವರ್ಗಾವಣೆ, ನೋಂದಣಿ ಶುಲ್ಕ ಸೇರಿ ಶೇ 7.5. ಹತ್ತು ಲಕ್ಷಕ್ಕೆ 75 ಸಾವಿರ. ಅದೂ ಕೈಯಲ್ಲಿರಬೇಕು.

ಕರಾರು ಪತ್ರ ತೆಲುಗಿನಲ್ಲಿರುತ್ತದೆ. ಲಿಪಿ ನಮ್ಮದರಂತೆಯೇ ಕಂಡರೂ ಪತ್ರದ ತೆಲುಗು ಸಂತೆಯಲ್ಲಾಡುವ ತೆಲುಗಲ್ಲ. ಗೊತ್ತಿದ್ದವರಿಂದ ಸಾಲು ಸಾಲು ಓದಿಸಿ ಕೇಳಿ. ಹಳೆ ಕಾಗದದಲ್ಲಿ 'ಬಳ್ಳಾರಿ ಜಿಲ್ಲೆ, ಆದವಾನಿ ತಾಲ್ಲೂಕು' ಎಂದಿದ್ದರೆ ಗಾಬರಿ ಬೇಡ. 1953ರ ಅಕ್ಟೋಬರ್ 1ಕ್ಕೆ ಮುಂಚೆ ಅದು ಹಾಗೇ ಇತ್ತು.

ಕರಾರಿನಲ್ಲಿ ಇನ್ನೊಂದು ಸಾಲು ಬರೆಸಿಕೊಳ್ಳಿ. ಬಾಗಿಲು, ಕಂಬ, ಬೋದಿಗೆ, ತೊಲೆ, ಬಂಡೆ ಎಲ್ಲವೂ ಮನೆಯ ಜೊತೆಗೇ ಎಂದು. ಬಯಾನ ಕೊಟ್ಟು ನೋಂದಣಿಗೆ ಹೋಗಿಬರುವಷ್ಟರಲ್ಲಿ ತೇಗದ ಬಾಗಿಲು ಬಿಚ್ಚಿಕೊಂಡು ಹೋದವರೂ ಉಂಟು. ಹಳೆ ತೇಗಕ್ಕೆ ಆದೋನಿಯಲ್ಲೂ ಗಿರಾಕಿ ಇದ್ದಾರೆ. ನಮ್ಮ ಮಾವ ಉಳಿದ ಎರಡು ಒಳ್ಳೆ ತೊಲೆ ಮಾರಿಯೇ ಬಾಗಿಲಿನ ಕೂಲಿ ಕೊಟ್ಟರು.